ಪಿಕಲ್‌ಬಾಲ್: ಕಲಿಯುವವರು ಅರಿಯಬೇಕಾದ ಮೂಲ ನಿಯಮಗಳು

ವಿಜಯಪುರ: ಪಿಕಲ್‌ಬಾಲ್ ಎಂಬುದು ಬ್ಯಾಡ್ಮಿಂಟನ್, ಟೆನಿಸ್ ಹಾಗೂ ಟೇಬಲ್ ಟೆನಿಸ್ ಆಟಗಳ ಅಂಶಗಳು ಕೂಡಿದ ಕ್ರೀಡೆ. 1965ರಲ್ಲಿ ಅಮೆರಿಕದ ಸಿಯಾಟಲ್ ಸಮೀಪದ ಬೇನ್‌ಬ್ರಿಡ್ಜ್ ದ್ವೀಪದಲ್ಲಿ ಜೋಯೆಲ್ ಪ್ರಿಚರ್ಡ್, ಬಿಲ್ ಬೆಲ್ ಮತ್ತು ಬಾರ್ನಿ ಮೆಕ್‌ಕಲಮ್ ಇದನ್ನು ರೂಪಿಸಿದರು. ಭಾರತದಲ್ಲಿ 2008ರಲ್ಲಿ ಅಖಿಲ ಭಾರತ ಪಿಕಲ್‌ಬಾಲ್ ಸಂಸ್ಥೆ ಸ್ಥಾಪನೆಯಾಯಿತು. 2025ರಲ್ಲಿ ಕೇಂದ್ರ ಕ್ರೀಡಾ ಸಚಿವಾಲಯವು ಭಾರತೀಯ ಪಿಕಲ್‌ಬಾಲ್ ಸಂಸ್ಥೆಗೆ ರಾಷ್ಟ್ರೀಯ ಕ್ರೀಡಾ ಒಕ್ಕೂಟದ ಮಾನ್ಯತೆ ನೀಡಿತು.

ಬೆಂಗಳೂರಿನಲ್ಲಿ ಈ ಆಟಕ್ಕೆಂದೇ ಬಾಡಿಗೆ ಅಂಕಣಗಳಿವೆ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂತಹ ತಾಲ್ಲೂಕು ಕೇಂದ್ರಗಳಲ್ಲಿ ಆಟ ಆರಂಭಿಸಲು ಅಂತಹ ವೆಚ್ಚ ಅನಿವಾರ್ಯವಲ್ಲ. ಬ್ಯಾಡ್ಮಿಂಟನ್ ಡಬಲ್ಸ್ ಅಂಕಣವೊಂದಿದ್ದರೆ ಸಾಕು.

ಅಂಕಣ ಮತ್ತು ಸಲಕರಣೆ

ಎರಡೂ ಆಟಗಳ ಅಂಕಣದ ಅಳತೆ ಒಂದೇ: 44 ಅಡಿ ಉದ್ದ, 20 ಅಡಿ ಅಗಲ. ಪಿಕಲ್‌ಬಾಲ್‌ನಲ್ಲಿ ಸಿಂಗಲ್ಸ್ ಆಟಕ್ಕೂ ಪೂರ್ಣ ಅಗಲವೇ ಅನ್ವಯ. ಬ್ಯಾಡ್ಮಿಂಟನ್ ನೆಟ್ ನಡುವೆ 5 ಅಡಿ ಎತ್ತರವಿರುತ್ತದೆ. ಇಲ್ಲಿ ಅದನ್ನು ಅಂಚುಗಳಲ್ಲಿ 36 ಇಂಚಿಗೆ, ನಡುವೆ 34 ಇಂಚಿಗೆ ಇಳಿಸಬೇಕು. ನೆಟ್‌ನಿಂದ ಎರಡೂ ಕಡೆ 7 ಅಡಿ ದೂರದಲ್ಲಿ ಗೆರೆ ಎಳೆಯಬೇಕು. ಬ್ಯಾಡ್ಮಿಂಟನ್‌ನ ಮುಂದಿನ ಸರ್ವಿಸ್ ಗೆರೆಗಿಂತ ಇದು 6 ಇಂಚು ಹಿಂದಿರುತ್ತದೆ. ತಂತಿಗಳಿಲ್ಲದ ಗಟ್ಟಿ ಬ್ಯಾಟ್ ಹಾಗೂ ರಂಧ್ರಗಳುಳ್ಳ ಪ್ಲಾಸ್ಟಿಕ್ ಚೆಂಡು ಬೇಕು. ಬಯಲಿನ ಆಟಕ್ಕೆ ಸಾಮಾನ್ಯವಾಗಿ 40 ರಂಧ್ರಗಳ ಚೆಂಡು, ಒಳಾಂಗಣಕ್ಕೆ 26 ರಂಧ್ರಗಳ ಚೆಂಡು ಬಳಸುತ್ತಾರೆ.

ಸರ್ವ್

ಹಿಂಬದಿ ಗೆರೆಯ ಆಚೆ ನಿಂತು, ಕೈಯನ್ನು ಕೆಳಗಿನಿಂದ ಮೇಲಕ್ಕೆ ಬೀಸಿ, ಸೊಂಟಕ್ಕಿಂತ ಕೆಳಮಟ್ಟದಲ್ಲಿ ಚೆಂಡನ್ನು ಹೊಡೆಯಬೇಕು. ಚೆಂಡು ಕರ್ಣರೇಖೆಯಲ್ಲಿ ಎದುರಿನ ಚೌಕಕ್ಕೆ, 7 ಅಡಿ ಗೆರೆಯನ್ನು ದಾಟಿ ಬೀಳಬೇಕು. ಆ ಗೆರೆಯ ಮೇಲೆ ಬಿದ್ದರೂ ತಪ್ಪು. ಚೆಂಡನ್ನು ಕೈಬಿಟ್ಟು, ನೆಲದಿಂದ ಪುಟಿದ ಬಳಿಕ ಸರ್ವ್ ಮಾಡಲೂ ಅವಕಾಶವಿದೆ.

ಎರಡು ಪುಟಿತದ ನಿಯಮ

ಸರ್ವ್ ಆದ ಚೆಂಡನ್ನು ಎದುರಾಳಿ ಒಮ್ಮೆ ಪುಟಿಯಲು ಬಿಟ್ಟೇ ಹಿಂದಿರುಗಿಸಬೇಕು. ಮರಳಿ ಬಂದ ಚೆಂಡನ್ನು ಸರ್ವ್ ಮಾಡಿದ ಪಕ್ಷವೂ ಒಮ್ಮೆ ಪುಟಿಯಲು ಬಿಡಬೇಕು. ಆ ನಂತರವೇ ಚೆಂಡನ್ನು ಗಾಳಿಯಲ್ಲೇ ಹೊಡೆಯಬಹುದು.

'ಕಿಚನ್' ನಿರ್ಬಂಧ

ನೆಟ್ ಬಳಿಯ 7 ಅಡಿ ವಲಯಕ್ಕೆ 'ಕಿಚನ್' ಎಂದು ಹೆಸರು. ಅದರೊಳಗೆ ಅಥವಾ ಅದರ ಗೆರೆಯ ಮೇಲೆ ನಿಂತು ಚೆಂಡನ್ನು ಗಾಳಿಯಲ್ಲಿ ಹೊಡೆಯುವಂತಿಲ್ಲ. ಹೊರಗೆ ನಿಂತು ಹೊಡೆದು, ಅದೇ ರಭಸಕ್ಕೆ ಒಳಗೆ ಕಾಲಿಟ್ಟರೂ ತಪ್ಪೇ. ಪುಟಿದ ಚೆಂಡನ್ನು ಹೊಡೆಯಲು ಒಳಗೆ ಹೋಗಬಹುದು. ನೆಟ್ ಬಳಿ ನುಗ್ಗಿ ಸ್ಮ್ಯಾಷ್ ಮಾಡುವ ಬ್ಯಾಡ್ಮಿಂಟನ್ ಆಟಗಾರರು ಮೊದಲು ಬಿಡಬೇಕಾದ ಅಭ್ಯಾಸವಿದು.

ಅಂಕ ಗಳಿಕೆ

ಸಾಂಪ್ರದಾಯಿಕ ಪದ್ಧತಿಯಲ್ಲಿ ಸರ್ವ್ ಮಾಡುವ ಪಕ್ಷಕ್ಕೆ ಮಾತ್ರ ಅಂಕ. 2006ಕ್ಕೆ ಮುಂಚಿನ 15 ಅಂಕಗಳ ಬ್ಯಾಡ್ಮಿಂಟನ್ ಆಡಿದವರಿಗೆ ಇದು ಪರಿಚಿತ. ಮೊದಲು 11 ಅಂಕ ಗಳಿಸಿದವರಿಗೆ ಗೆಲುವು. ಕನಿಷ್ಠ 2 ಅಂಕಗಳ ಅಂತರವಿರಬೇಕು. ಡಬಲ್ಸ್‌ನಲ್ಲಿ ಜೊತೆಗಾರರಿಬ್ಬರೂ ಸರದಿಯಂತೆ ಸರ್ವ್ ಮಾಡಿದ ಬಳಿಕವೇ ಸರ್ವ್ ಎದುರಾಳಿಗೆ ಹೋಗುತ್ತದೆ. ಆಟ ಆರಂಭಿಸುವ ಪಕ್ಷಕ್ಕೆ ಮಾತ್ರ ಮೊದಲ ಸರದಿಯಲ್ಲಿ ಒಬ್ಬರಿಗಷ್ಟೇ ಅವಕಾಶ. ಆದ್ದರಿಂದಲೇ '0-0-2' ಎಂದು ಕೂಗಿ ಆಟ ಆರಂಭಿಸುತ್ತಾರೆ. ಕೊನೆಯ ಸಂಖ್ಯೆ ಸರ್ವ್ ಮಾಡುವವರು ಎಷ್ಟನೆಯವರು ಎಂಬುದನ್ನು ಸೂಚಿಸುತ್ತದೆ.

ಎರಡು ಪುಟಿತ ಹಾಗೂ ಕಿಚನ್ ನಿಯಮಗಳು ತೋಳ್ಬಲದ ಮೇಲುಗೈಯನ್ನು ತಗ್ಗಿಸುತ್ತವೆ. ಶಾಲಾ ಬಾಲಕಿ ಮತ್ತು ನಿವೃತ್ತ ಶಿಕ್ಷಕರು ಒಂದೇ ಅಂಕಣದಲ್ಲಿ ಎದುರುಬದುರಾಗಿ ನಿಂತು ಆಡಬಹುದಾದುದು ಈ ನಿಯಮಗಳಿಂದಲೇ. ಇವನ್ನು ಸಡಿಲಿಸಿದರೆ ಆಟ ಮತ್ತೆ ಬಲಿಷ್ಠರ ಪಾಲಾಗುತ್ತದೆ.