ಮನೋಹರ ಗ್ರಂಥಮಾಲೆಯೂ ಕಾದಂಬರಿಯ ಆಶ್ರಯವೂ

ಬಾಣಭಟ್ಟನ ಕಥಾನಾಯಿಕೆಯ ಹೆಸರು ಕನ್ನಡ ಮರಾಠಿಗಳೆರಡರಲ್ಲಿಯೂ ಒಂದು ಸಾಹಿತ್ಯಪ್ರಕಾರಕ್ಕೇ ಸಂಜ್ಞೆಯಾಗಿ ನಿಂತಿದೆ. ಆ ಕವಿಗೆ ಹರ್ಷನ ಆಶ್ರಯವಿದ್ದಿತು. ೧೮೨೩ರಲ್ಲಿ ‘ಮುದ್ರಾಮಂಜೂಷ’ವನ್ನು ರಚಿಸಿದ ಕೆಂಪುನಾರಾಯಣನಿಗೆ ಮುಮ್ಮಡಿ ಕೃಷ್ಣರಾಜರದು. ಅರಸರ ಆಶ್ರಯವು ತಪ್ಪಿದ ಬಳಿಕ ಕಾದಂಬರಿಯನ್ನು ಪೊರೆದವರಾರೆಂಬುದಕ್ಕೆ ಉತ್ತರವು ಧಾರವಾಡದಲ್ಲಿ ದೊರೆಯುತ್ತದೆ.

ಅಲ್ಲಿ ೧೯೩೩ರಲ್ಲಿ ಮನೋಹರ ಗ್ರಂಥಮಾಲೆಯನ್ನು ಸ್ಥಾಪಿಸಿದವರು, ‘ಜಡಭರತ’ರೆಂಬ ಹೆಸರಿನಿಂದ ನಾಟಕಗಳನ್ನು ಬರೆದ ಜಿ. ಬಿ. ಜೋಶಿಯವರು. ಚಂದಾದಾರರು ವರ್ಷಕ್ಕೆ ಇಷ್ಟೆಂದು ಹಣವನ್ನು ಮುಂಗಡವಾಗಿ ಕೊಡುವುದು, ಮಾಲೆಯವರು ಹೊಸ ಪುಸ್ತಕಗಳನ್ನು ಕಳುಹಿಸುವುದು—ಇದೇ ಅದರ ಕ್ರಮವಾಗಿತ್ತು. ಪುಸ್ತಕದಂಗಡಿ ದೂರವಾದ, ಕನಕಪುರ ಸೀಮೆಯ ಸಾತನೂರಿನಂಥ ಊರಿಗೂ ಅಂಚೆಯಿಂದ ಕಾದಂಬರಿ ಸೇರಲು ಇಂಥ ಕ್ರಮದಿಂದ ಸಾಧ್ಯ. ಇದಕ್ಕೂ ಮೊದಲೇ ಗಳಗನಾಥರು ‘ಸದ್ಬೋಧ ಚಂದ್ರಿಕೆ’ಯ ಮೂಲಕ ಓದುಗರನ್ನು ಕೂಡಿಸಿ, ಪುಸ್ತಕಗಳ ಗಂಟನ್ನು ತಾವೇ ಹೊತ್ತು ಮಾರಿದ್ದರು. ಆ ಶ್ರಮವನ್ನು ಜೋಶಿಯವರು ವ್ಯವಸ್ಥೆಗೆ ತಂದರೆನ್ನಬಹುದು.

ಈ ಕ್ರಮದ ಬೆಲೆಯು ತಿಳಿಯುವುದು ೧೯೬೫ರಲ್ಲಿ. ಆ ವರ್ಷ ಮಾಲೆಯು ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಪ್ರಕಟಿಸಿತು. ಆಚಾರಭ್ರಷ್ಟನಾದ ನಾರಣಪ್ಪನ ಶವವು ಅಗ್ರಹಾರದಲ್ಲಿ ಬಿದ್ದಿರಲು, ಉತ್ತರಕ್ರಿಯೆ ಯಾರಿಗೆ ಸಲ್ಲುವುದೆಂಬ ನಿರ್ಣಯವು ಪ್ರಾಣೇಶಾಚಾರ್ಯರಿಗೆ ಧರ್ಮಗ್ರಂಥಗಳಲ್ಲಿ ದೊರೆಯದು. ಸಂಪ್ರದಾಯಸ್ಥರಲ್ಲಿ ಅನೇಕರಿಗೆ ಈ ಕಥೆ ಕಹಿಯಾಯಿತು. ಆ ಕಹಿಯು ಅಕಾರಣವಲ್ಲ; ಆದರೆ ಪ್ರಶ್ನೆಯು ಧರ್ಮಶಾಸ್ತ್ರದೊಳಗಿನದೇ ಆದುದರಿಂದ ಪಂಡಿತರೇ ಅದಕ್ಕೆ ಉತ್ತರ ಹೇಳಬೇಕಾಗಿದೆ, ಬರಿಯ ಕೋಪವು ಉತ್ತರವಲ್ಲ. ಬಿಡಿ ಮಾರಾಟವನ್ನೇ ನಂಬಿದ ವ್ಯಾಪಾರಿ ಇಂತಹ ಹಸ್ತಪ್ರತಿಯನ್ನು ಕಂಡು ಅಂಜುವುದು ಸಹಜ. ಮುಂಗಡ ಪದ್ಧತಿಯಲ್ಲಾದರೋ ಮೆಚ್ಚುವವನ ಮನೆಗೂ ಮೆಚ್ಚದವನ ಮನೆಗೂ ಪುಸ್ತಕವು ಹೋಗಿಯೇ ತೀರುವುದು. ‘ಸಂಸ್ಕಾರ’ವು ೧೯೭೦ರಲ್ಲಿ ಚಲಚ್ಚಿತ್ರವಾಗಿ, ೧೯೭೬ರಲ್ಲಿ ಎ. ಕೆ. ರಾಮಾನುಜನ್ನರಿಂದ ಇಂಗ್ಲಿಷಿಗೆ ಹೋಯಿತು.