ನಂಜು ಏರುವ ಮುನ್ನ



'ನಂಜು' ಎಂಬುದು ನಮ್ಮ ನುಡಿಯ ಬಹು ಹಳೆಯ ಮಾತು. ಹಾಲಾಹಲವನ್ನು ಕಂಠದಲ್ಲಿ ಧರಿಸಿದ ಶಿವನನ್ನು ನಮ್ಮ ಹಿರಿಯರು ನಂಜುಂಡನೆಂದು ಕರೆದರು. ಹೊಲದಲ್ಲಿ ಮುಳ್ಳು ತುಳಿದ ಕಾಲು ಬಾತು ಕೆಂಪೇರಿದಾಗಲೂ ಅವರು 'ನಂಜಾಗಿದೆ' ಎಂದೇ ಹೇಳಿದರು. ಆ ಕೆಂಪು ಕಾಲಿನಿಂದ ಮೈಗೆಲ್ಲ ಹಬ್ಬಿ, ಜ್ವರ ಬಂದು, ರೋಗಿಯು ಬಡಬಡಿಸತೊಡಗಿದರೆ 'ನಂಜು ಏರಿತು' ಎಂದು ಕೈಚೆಲ್ಲಿ ಕುಳಿತರು. ಇಂದಿನ ವೈದ್ಯರು ಸೆಪ್ಸಿಸ್ ಎಂದು ಕರೆಯುವ ಘೋರ ಸ್ಥಿತಿ ಇದೇ ಆಗಿದೆ. ವಿಷವನ್ನು ಕಂಠದಲ್ಲಿಯೇ ತಡೆದು ನಿಲ್ಲಿಸುವ ಶಕ್ತಿ ಆ ಮಹಾದೇವನಿಗೆ ಇತ್ತು. ನರದೇಹಕ್ಕೆ ಆ ಶಕ್ತಿಯಿಲ್ಲ. ಆದುದರಿಂದ ನಂಜು ಏರುವ ಮುನ್ನವೇ ಅದನ್ನು ಗುರುತಿಸುವ ವಿವೇಕ ನಮಗೆ ಬೇಕು. ಈ ವಿವೇಕವನ್ನು ಮನುಷ್ಯನು ಎಷ್ಟು ಜೀವಗಳನ್ನು ತೆತ್ತು ಸಂಪಾದಿಸಿದನೆಂಬ ಇತಿಹಾಸವನ್ನು ತಮ್ಮ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ತುಂಗಭದ್ರೆಯ ಸೀಮೆಯ ಮೇಡ್ಲೇರಿಯಂಥ ಊರುಗಳಲ್ಲಿ ಹಿರಿಯ ತಾಯಂದಿರನ್ನು ಕೇಳಿ ನೋಡಿರಿ; 'ಬಾಣಂತಿ ಸನ್ನಿ' ಎಂಬ ಮಾತನ್ನು ಅವರು ಇಂದಿಗೂ ತಗ್ಗಿದ ದನಿಯಲ್ಲಿಯೇ ಹೇಳುತ್ತಾರೆ. ಹೆರಿಗೆಯಾದ ಕೆಲವೇ ದಿನಗಳಲ್ಲಿ ಚಳಿಜ್ವರ ಬಂದು, ಹೊಟ್ಟೆ ಉಬ್ಬಿ, ಮಾತು ತಪ್ಪಿ, ಮಗುವಿನ ಗುರುತೂ ಹತ್ತದಂತಾಗಿ ಬಾಣಂತಿಯು ತೀರಿಕೊಳ್ಳುತ್ತಿದ್ದಳು. ಕೆಲವರು ಅದನ್ನು ಗಾಳಿ ಸೋಂಕು ಎಂದರು, ಕೆಲವರು ದೃಷ್ಟಿ ಎಂದರು, ಹಲವರು ಹಣೆಬರಹವೆಂದರು. ಸನ್ನಿ ಎಂಬ ಮಾತು ಆಯುರ್ವೇದದ ಸನ್ನಿಪಾತದಿಂದ ಬಂದುದು. ರೋಗವು ಬುದ್ಧಿಯನ್ನು ಕದಡುತ್ತದೆಂಬುದನ್ನು ನಮ್ಮವರು ಸರಿಯಾಗಿಯೇ ಕಂಡಿದ್ದರು. ಆದರೆ ಅದರ ಮೂಲವಾವುದು, ಅದು ಯಾವ ಬಾಗಿಲಿನಿಂದ ಒಳಹೊಕ್ಕಿತು ಎಂಬುದು ಅವರಿಗೆ ತಿಳಿದಿರಲಿಲ್ಲ. ಆ ಕಾಲಕ್ಕೆ ಇದು ಜಗತ್ತಿನ ದೊಡ್ಡ ಪಂಡಿತರಿಗೂ ತಿಳಿದಿರಲಿಲ್ಲವೆಂಬುದನ್ನು ಮರೆಯಬಾರದು.

ಯುರೋಪಿನ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯರೂ ವೈದ್ಯ ವಿದ್ಯಾರ್ಥಿಗಳೂ, ಇನ್ನೊಂದರಲ್ಲಿ ಸೂಲಗಿತ್ತಿಯರೂ ಹೆರಿಗೆ ಮಾಡಿಸುತ್ತಿದ್ದರು. ಸೋಜಿಗವೆಂದರೆ ವೈದ್ಯರ ವಿಭಾಗದಲ್ಲಿಯೇ ಸಾವು ಹೆಚ್ಚು. 1846ರಲ್ಲಿ ಅಲ್ಲಿ ನೂರಕ್ಕೆ ಹನ್ನೊಂದಕ್ಕಿಂತ ಹೆಚ್ಚು ತಾಯಂದಿರು ಬಾಣಂತಿ ಜ್ವರದಿಂದ ಮಡಿದರು. ಅಲ್ಲಿದ್ದ ಇಗ್ನಾಸ್ ಸೆಮೆಲ್‌ವೈಸ್ ಎಂಬ ತರುಣ ವೈದ್ಯನನ್ನು ಈ ವಿಷಯ ಹಗಲಿರುಳು ಕಾಡಿತು. 1847ರ ಮಾರ್ಚ್ ತಿಂಗಳಲ್ಲಿ ಅವನ ಮಿತ್ರನಾದ ಕೊಲೆಚ್ಕಾ ಎಂಬ ವೈದ್ಯನಿಗೆ ಶವಪರೀಕ್ಷೆಯ ಕಾಲದಲ್ಲಿ ಚೂರಿಯ ಮೊನೆ ತಾಗಿ, ನಂಜೇರಿ ಅವನು ಸತ್ತನು. ಮಿತ್ರನ ದೇಹದಲ್ಲಿ ಕಂಡ ವಿಕಾರಗಳೂ ಸತ್ತ ಬಾಣಂತಿಯರಲ್ಲಿ ಕಂಡ ವಿಕಾರಗಳೂ ಒಂದೇ ಬಗೆಯವಾಗಿದ್ದವು. ಸೆಮೆಲ್‌ವೈಸನಿಗೆ ಆಗ ಸತ್ಯ ಹೊಳೆಯಿತು. ಶವವನ್ನು ಮುಟ್ಟಿದ ಕೈಯಿಂದಲೇ ವೈದ್ಯರು ಹೆರಿಗೆ ಮಾಡಿಸುತ್ತಿದ್ದರು. ಬದುಕಿಸಬೇಕಾದ ಕೈಗಳೇ ಮೃತ್ಯುವನ್ನು ಹೊತ್ತು ತರುತ್ತಿದ್ದವು. ಅದೇ ವರ್ಷದ ಮೇ ತಿಂಗಳಿನಿಂದ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಎಲ್ಲರೂ ಕೈ ತೊಳೆಯಬೇಕೆಂದು ಅವನು ಕಟ್ಟುಮಾಡಿದನು. ಏಪ್ರಿಲ್‌ನಲ್ಲಿ ನೂರಕ್ಕೆ ಹದಿನೆಂಟರಷ್ಟಿದ್ದ ಸಾವು ಜೂನ್ ಜುಲೈ ತಿಂಗಳುಗಳಲ್ಲಿ ನೂರಕ್ಕೆ ಒಂದೆರಡಕ್ಕೆ ಇಳಿಯಿತು.

ಇಷ್ಟಾದರೂ ದೊಡ್ಡ ವೈದ್ಯರು ಒಪ್ಪಲಿಲ್ಲ. ತಮ್ಮ ಕೈಯೇ ಅಶುದ್ಧವೆಂಬ ಮಾತು ಅವರ ಅಭಿಮಾನಕ್ಕೆ ಪೆಟ್ಟಾಯಿತು. ಅವಮಾನದಿಂದ ನೊಂದು ಮನಸ್ಸಿನ ಸಮತೋಲ ಕಳೆದುಕೊಂಡ ಸೆಮೆಲ್‌ವೈಸನು 1865ರ ಆಗಸ್ಟ್ 13ರಂದು ಮಾನಸಿಕ ರೋಗಿಗಳ ಆಲಯದಲ್ಲಿ, ತನ್ನ 47ನೆಯ ವಯಸ್ಸಿನಲ್ಲಿ, ಮೈಮೇಲಿನ ಗಾಯಕ್ಕೆ ನಂಜೇರಿಯೇ ತೀರಿಕೊಂಡನು. ವಿಧಿಯ ಆಟವನ್ನು ನೋಡಿರಿ: ಅದರ ಹಿಂದಿನ ದಿನವೇ, ಅಂದರೆ ಆಗಸ್ಟ್ 12ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯನು ಕಾಲುಮುರಿದು ಗಾಯವಾಗಿದ್ದ ಹನ್ನೊಂದು ವರ್ಷದ ಬಾಲಕನೊಬ್ಬನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದನು. ಗಾಯ ಕೀವಾಗದೆ ಮಾಯಿತು, ಬಾಲಕ ನಡೆದಾಡಿದನು. ಲಿಸ್ಟರನು ತನ್ನ ಈ ವಿಧಾನವನ್ನು ಲೋಕಕ್ಕೆ ಪ್ರಕಟಿಸಿದುದು 1867ರಲ್ಲಿ. ನಮ್ಮ ರಾಣೆಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯಲ್ಲಿ ಲಿಂಗೈಕ್ಯ ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು ಜನಿಸಿದುದೂ ಅದೇ ವರ್ಷ. ಒಂದೆಡೆ ದೇಹದ ಮಲಿನತೆಯನ್ನು ಕಳೆಯುವ ವಿದ್ಯೆ, ಇನ್ನೊಂದೆಡೆ ಸಮಾಜದ ಅಜ್ಞಾನವನ್ನು ಕಳೆಯುವ ಚೇತನ ಒಂದೇ ಕಾಲದಲ್ಲಿ ಮೂಡಿದುದನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ.

ಮುಂದೆ 1879ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್‌ನು ಬಾಣಂತಿ ಜ್ವರಕ್ಕೆ ಕಾರಣವಾದ, ಸರಮಣಿಯಂತೆ ಕೂಡಿರುವ ಸೂಕ್ಷ್ಮಾಣುವನ್ನು ತೋರಿಸಿಕೊಟ್ಟನು. ಆದರೆ ಈ ಜ್ಞಾನ ನಮ್ಮ ಹಳ್ಳಿಗಳಿಗೆ ತಲುಪಲು ಬಹಳ ಕಾಲ ಹಿಡಿಯಿತು. ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಜಿಲ್ಲೆಯನ್ನು ಮೊದಲು ಮುತ್ತಿದುದು ಪ್ಲೇಗು. ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇದ್ದ ಕಥೆಯನ್ನು ತಾವು ತಮ್ಮ ಮನೆಯ ಹಿರಿಯರಿಂದ ಕೇಳಿರಬಹುದು. 1898ರಲ್ಲಿ ಹುಬ್ಬಳ್ಳಿಯ ಸಾವಿರಾರು ಜನರಿಗೆ ಹಾಫ್‌ಕಿನ್ ಅವರ ಪ್ಲೇಗಿನ ಲಸಿಕೆ ಹಾಕಲಾಯಿತು. ನಾಲ್ಕು ವರ್ಷಗಳ ತರುವಾಯ, 1902ರಲ್ಲಿ, ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಇದೇ ಲಸಿಕೆಯ ಒಂದೇ ಒಂದು ಸೀಸೆಯಿಂದ ಚುಚ್ಚಿಸಿಕೊಂಡ 19 ಜನ ಧನುರ್ವಾತದಿಂದ ಸತ್ತರು. ಆ ಒಂದು ಸೀಸೆ ಕಲುಷಿತವಾಗಿತ್ತು. ಔಷಧವು ಅಮೃತವಾಗಿದ್ದರೂ ಅದನ್ನು ಕೊಡುವ ಕೈ, ಸೂಜಿ, ಸೀಸೆಗಳು ಶುದ್ಧವಾಗಿರದಿದ್ದರೆ ಅದೇ ನಂಜಾಗುವುದೆಂಬ ಪಾಠ ಇದರಿಂದ ದೊರೆಯಿತು.

ನಂಜಿಗೆ ಮದ್ದು ದೊರೆತುದು ಇಪ್ಪತ್ತನೆಯ ಶತಮಾನದಲ್ಲಿ. 1935ರಲ್ಲಿ ಜರ್ಮನಿಯ ಡೊಮಾಕ್‌ನು ಸಲ್ಫಾ ಔಷಧಿಯ ಗುಣವನ್ನು ಪ್ರಕಟಿಸಿದನು. ಮರುವರ್ಷವೇ ಲಂಡನ್ನಿನಲ್ಲಿ ಕೋಲ್‌ಬ್ರುಕ್ ಎಂಬ ವೈದ್ಯನು ಅದರಿಂದ ಬಾಣಂತಿಯರ ಪ್ರಾಣ ಉಳಿಸಿದನು. 1941ರಲ್ಲಿ ಆಕ್ಸ್‌ಫರ್ಡಿನಲ್ಲಿ ನಂಜೇರಿ ಸಾಯುತ್ತಿದ್ದ ಪೊಲೀಸನೊಬ್ಬನಿಗೆ ಪೆನಿಸಿಲಿನ್ ಕೊಡಲಾಯಿತು. ಅವನು ಚೇತರಿಸಿಕೊಳ್ಳತೊಡಗಿದನು. ಆದರೆ ಇದ್ದ ಔಷಧವೆಲ್ಲ ತೀರಿಹೋಯಿತು, ಅವನು ಉಳಿಯಲಿಲ್ಲ. ಸ್ವತಂತ್ರ ಭಾರತವು 1954ರಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ ಆ್ಯಂಟಿಬಯೋಟಿಕ್ಸ್ ಕಾರ್ಖಾನೆಯನ್ನು ಕಟ್ಟಿತು. ನಮ್ಮ ಭಾಗದಲ್ಲಿ 1957ರಲ್ಲಿ ಹುಬ್ಬಳ್ಳಿಯಲ್ಲಿಯೂ, 1963ರಲ್ಲಿ ಬೆಳಗಾವಿಯಲ್ಲಿಯೂ, 1965ರಲ್ಲಿ ದಾವಣಗೆರೆಯಲ್ಲಿಯೂ ವೈದ್ಯಕೀಯ ಮಹಾವಿದ್ಯಾಲಯಗಳು ತಲೆಯೆತ್ತಿದವು. ಇಂದು ಹಾವೇರಿಯಲ್ಲಿಯೂ ಒಂದು ಇದೆ.

ಮದ್ದು ಬಂದಿತು, ಆಸ್ಪತ್ರೆ ಬಂದಿತು. ಹಾಗಿದ್ದರೆ ನಂಜಿನ ಸಾವು ನಿಂತಿತೇ? ಇಲ್ಲ. 2017ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 4 ಕೋಟಿ 89 ಲಕ್ಷ ಜನರಿಗೆ ಸೆಪ್ಸಿಸ್ ಆಯಿತೆಂದೂ, ಸುಮಾರು 1 ಕೋಟಿ 10 ಲಕ್ಷ ಜನರು ಸತ್ತರೆಂದೂ ತಜ್ಞರು ಅಂದಾಜು ಮಾಡಿದ್ದಾರೆ. ಕಾರಣವೇನೆಂದರೆ, ಸೆಪ್ಸಿಸ್ ಎಂಬುದು ಕೇವಲ ರೋಗಾಣುವಿನ ಹಾವಳಿಯಲ್ಲ. ರೋಗಾಣುವಿನೊಡನೆ ಹೋರಾಡಲು ಹೊರಟ ನಮ್ಮ ದೇಹದ ರಕ್ಷಣಾಶಕ್ತಿಯೇ ಹತೋಟಿ ತಪ್ಪಿ ಮೂತ್ರಪಿಂಡ, ಶ್ವಾಸಕೋಶ, ಹೃದಯ, ಮಿದುಳುಗಳನ್ನು ಕೆಡಿಸತೊಡಗುತ್ತದೆ. ಈ ವಿವರಣೆಯನ್ನು ತಜ್ಞರು 2016ರಲ್ಲಿ ಖಚಿತಪಡಿಸಿದರು. ಹಾಗೆ ಅಂಗಾಂಗಗಳು ಕೆಡತೊಡಗಿದ ಮೇಲೆ ರೋಗಾಣುವನ್ನು ಕೊಂದ ಮಾತ್ರಕ್ಕೆ ಪ್ರಾಣ ಉಳಿಯುವುದೆಂಬ ಭರವಸೆಯಿಲ್ಲ. ಆದುದರಿಂದ ಇಲ್ಲಿ ಮದ್ದಿಗಿಂತಲೂ ಹೊತ್ತು ದೊಡ್ಡದು. ಆನಂದ ಕುಮಾರ ಎಂಬ ಕೆನಡಾದ ವೈದ್ಯರೂ ಅವರ ಸಂಗಡಿಗರೂ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಂಜೇರಿ ರಕ್ತದೊತ್ತಡ ಕುಸಿದ ಮೇಲಿನ ಮೊದಲ ಆರು ಗಂಟೆಗಳಲ್ಲಿ ಸರಿಯಾದ ಔಷಧಿ ಒಂದೊಂದು ಗಂಟೆ ತಡವಾದಂತೆ ಬದುಕುಳಿಯುವವರ ಪ್ರಮಾಣ ಸರಾಸರಿ ನೂರಕ್ಕೆ ಏಳಕ್ಕಿಂತ ಹೆಚ್ಚಾಗಿ ಇಳಿಯುತ್ತದೆ. 2017ರಲ್ಲಿ ವಿಶ್ವ ಆರೋಗ್ಯ ಸಭೆಯು ಸೆಪ್ಸಿಸ್ ತಡೆಯುವುದನ್ನೂ ಬೇಗನೆ ಗುರುತಿಸುವುದನ್ನೂ ಎಲ್ಲ ರಾಷ್ಟ್ರಗಳ ಕರ್ತವ್ಯವೆಂದು ಸಾರಿತು. ಸೆಪ್ಟೆಂಬರ್ 13ನ್ನು ಸೆಪ್ಸಿಸ್ ದಿನವೆಂದು 2012ರಿಂದ ಆಚರಿಸಲಾಗುತ್ತಿದೆ.

ಈ ಹೋರಾಟದಲ್ಲಿ ನಮ್ಮ ನೆಲದ ಪಾಲೂ ಇದೆಯೆಂಬುದು ಅಭಿಮಾನದ ವಿಷಯ. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ತ್ಯಾಗಿ ಶಿಕ್ಷಕರು ಕಟ್ಟಿದ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನು, ಅಂದರೆ ಕೆ.ಎಲ್.ಇ. ಸಂಸ್ಥೆಯನ್ನು, ತಾವೆಲ್ಲ ಬಲ್ಲಿರಿ. ಆ ಸಂಸ್ಥೆಯ ಜವಾಹರಲಾಲ ನೆಹರು ವೈದ್ಯಕೀಯ ಮಹಾವಿದ್ಯಾಲಯದ ಸಂಶೋಧಕರು ಏಳು ರಾಷ್ಟ್ರಗಳ ಒಂದು ದೊಡ್ಡ ಪ್ರಯೋಗದಲ್ಲಿ ಪಾಲ್ಗೊಂಡರು. ಸಹಜ ಹೆರಿಗೆಗೆ ಸಿದ್ಧರಾದ 29 ಸಾವಿರಕ್ಕೂ ಮಿಕ್ಕಿದ ತಾಯಂದಿರಲ್ಲಿ ಅರ್ಧದಷ್ಟು ಜನರಿಗೆ ನೋವು ಬಂದಾಗ ಎರಡು ಗ್ರಾಂ ಅಜಿಥ್ರೋಮೈಸಿನ್ ಔಷಧವನ್ನು ಒಮ್ಮೆ ನುಂಗಲು ಕೊಡಲಾಯಿತು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಾಯಿಗೆ ಸೆಪ್ಸಿಸ್ ಅಥವಾ ಸಾವು ಒದಗುವುದು ಸಾವಿರಕ್ಕೆ 24ರಿಂದ 16ಕ್ಕೆ ಇಳಿಯಿತು. ಶಿಶುಗಳಲ್ಲಿ ಮಾತ್ರ ಅಂಥ ಲಾಭ ಕಾಣಲಿಲ್ಲ. ಇದನ್ನು ಓದಿ ಯಾರೂ ಅಂಗಡಿಯಿಂದ ಮಾತ್ರೆ ತಂದು ನುಂಗಬಾರದು. ಕೊಡುವುದು ಬಿಡುವುದು ವೈದ್ಯರ ವಿವೇಚನೆಗೆ ಸೇರಿದ್ದು.

ಶಿಶುಗಳ ವಿಷಯದಲ್ಲಿ ದಾರಿ ತೋರಿದವರು ಮಹಾರಾಷ್ಟ್ರದ ಗಡಚಿರೋಲಿಯ ವೈದ್ಯ ದಂಪತಿಗಳಾದ ಅಭಯ ಬಂಗ್ ಮತ್ತು ರಾಣಿ ಬಂಗ್. ಆಸ್ಪತ್ರೆಗಳು ದೂರವಿದ್ದ ಆ ಕಾಡುನಾಡಿನ 39 ಹಳ್ಳಿಗಳಲ್ಲಿ ಅವರು ಸ್ವಲ್ಪವೇ ಓದಿದ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು, ಮನೆಮನೆಗೆ ಕಳುಹಿಸಿ, ನವಜಾತ ಶಿಶುವಿನ ನಂಜಿನ ಗುರುತುಗಳನ್ನು ಹಿಡಿಯಲು ಕಲಿಸಿದರು. ಗುರುತು ಕಂಡಲ್ಲಿ ತಂದೆತಾಯಿಗಳ ಒಪ್ಪಿಗೆಯಿಂದ ಔಷಧಿ ಕೊಡಲೂ ಕಲಿಸಿದರು. 1999ರಲ್ಲಿ ಪ್ರಕಟವಾದ ವರದಿಯಂತೆ ಅಲ್ಲಿ ನವಜಾತ ಶಿಶುಗಳ ಮರಣ ನೂರಕ್ಕೆ 62ರಷ್ಟು ತಗ್ಗಿತು. ಹಳ್ಳಿಯ ಹೆಣ್ಣುಮಗಳೊಬ್ಬಳ ಎಚ್ಚರದ ಕಣ್ಣು ಏನು ಮಾಡಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಕಾಸು ಪಡೆಯದೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದುದನ್ನೂ ಇಲ್ಲಿ ನೆನೆಯಬೇಕು. ಅದು ನಿಜವಾದ ಕಾಯಕ.

ಇನ್ನು ನಂಜಿನ ಗುರುತುಗಳನ್ನು ಮನಸ್ಸಿಟ್ಟು ಓದಿರಿ. ಗಾಯ, ಕುರು, ಮೂತ್ರದ ಉರಿ, ಕೆಮ್ಮು, ಹೊಟ್ಟೆನೋವು, ಹೆರಿಗೆ, ಶಸ್ತ್ರಚಿಕಿತ್ಸೆ ಇವುಗಳಲ್ಲಿ ಯಾವುದಾದರೊಂದರ ನಂತರ ರೋಗಿಗೆ ನಡುಕದ ಜ್ವರ ಬರಬಹುದು. ವೃದ್ಧರಲ್ಲಿ ಜ್ವರದ ಬದಲು ಮೈ ತಣ್ಣಗಾಗಲೂಬಹುದು. ಉಸಿರು ನಿಮಿಷಕ್ಕೆ 22 ಅಥವಾ ಅದಕ್ಕಿಂತ ಹೆಚ್ಚಾಗುವುದು, ನಾಡಿ ಓಡುವುದು, ಮಾತು ತೊದಲಿ ಬುದ್ಧಿ ಮಂಕಾಗುವುದು, ಮೂತ್ರ ತೀರ ಕಡಿಮೆಯಾಗುವುದು, ಕೈಕಾಲು ತಣ್ಣಗಾಗಿ ಚರ್ಮ ಬಣ್ಣಗೆಡುವುದು ಇವು ಅಪಾಯದ ಗುರುತುಗಳು. ಬಾಣಂತಿಯಲ್ಲಿ ದುರ್ವಾಸನೆಯ ಸ್ರಾವವೂ ಕೆಳಹೊಟ್ಟೆಯ ನೋವೂ ಸೇರುತ್ತವೆ. ಎಳೆಗೂಸು ಹಾಲು ಕುಡಿಯದೆ ಜೋಲು ಬಿದ್ದರೆ, ಮೈ ತಣ್ಣಗಾದರೆ ಅಥವಾ ಸುಟ್ಟರೆ, ಉಸಿರು ನಿಮಿಷಕ್ಕೆ 60 ಮುಟ್ಟಿದರೆ, ಎದೆಗೂಡು ಒಳಸೆಳೆದರೆ, ಒಂದು ಗಳಿಗೆಯೂ ಕಾಯಕೂಡದು.

ಗೋವಿನಜೋಳ ಕೊಯ್ಯುವಾಗ ಕುಡಗೋಲು ತಾಗಿದ ಒಬ್ಬ ಮಧುಮೇಹಿ ರೈತನನ್ನು ಊಹಿಸಿಕೊಳ್ಳಿರಿ. ಮೊದಲ ದಿನ ಅವನು ಗಾಯಕ್ಕೆ ಬೂದಿ ಮೆತ್ತುತ್ತಾನೆ. ಮೂರನೆಯ ದಿನ ಜ್ವರ ಬರುತ್ತದೆ. ಒಂದು ಗುಳಿಗೆ ನುಂಗುತ್ತಾನೆ. ನಾಲ್ಕನೆಯ ರಾತ್ರಿ ಬಡಬಡಿಸುತ್ತಾನೆ. ಮನೆಯವರು ಗಾಳಿ ಸೋಂಕೆಂದು ಅಂತ್ರ ಕಟ್ಟಿಸುತ್ತಾರೆ. ಐದನೆಯ ದಿನ ಆಸ್ಪತ್ರೆಯ ಬಾಗಿಲಿಗೆ ಬರುವ ಹೊತ್ತಿಗೆ ಮೂತ್ರಪಿಂಡ ನಿಂತಿರುತ್ತದೆ. ಆ ನಾಲ್ಕನೆಯ ರಾತ್ರಿಯೇ ಅವನನ್ನು ಕರೆದೊಯ್ದಿದ್ದರೆ! ವಿಭೂತಿ ನಮ್ಮ ಅಷ್ಟಾವರಣಗಳಲ್ಲಿ ಒಂದು. ಅದರ ಸ್ಥಾನ ಭಕ್ತನ ಹಣೆಯೇ ಹೊರತು ಹಸಿ ಗಾಯವಲ್ಲ. ಶಿಶುವಿನ ಹೊಕ್ಕುಳಿಗೆ ಬೂದಿ, ಸಗಣಿ, ಅರಿಶಿನ ಯಾವುದನ್ನೂ ಹಚ್ಚಬಾರದು. ಹಾಗೆ ಹೇಳುವುದರಿಂದ ಆಚಾರಕ್ಕೆ ಕುಂದು ಬರುವುದಿಲ್ಲ. ಶರಣರು ಕುರುಡು ನಂಬಿಕೆಯನ್ನು ಎಂದೂ ಪುರಸ್ಕರಿಸಲಿಲ್ಲ. ವೈದ್ಯ ಸಂಗಣ್ಣನಂಥವರು ಚಿಕಿತ್ಸೆಯನ್ನೇ ಕಾಯಕ ಮಾಡಿಕೊಂಡಿದ್ದರು.

ಆಸ್ಪತ್ರೆಯಲ್ಲಿ ವೈದ್ಯರು ರಕ್ತವನ್ನು ಪರೀಕ್ಷೆಗೆ ತೆಗೆದುಕೊಂಡು, ಸ್ಥಿತಿ ಗಂಭೀರವಿದ್ದಲ್ಲಿ ಒಂದು ಗಂಟೆಯೊಳಗೆ ರೋಗಾಣುನಾಶಕವನ್ನು ಕೊಡುತ್ತಾರೆ. ರಕ್ತನಾಳದ ಮೂಲಕ ದ್ರವ ಏರಿಸುತ್ತಾರೆ. ಕೀವಿದ್ದರೆ ಹೊರತೆಗೆಯುತ್ತಾರೆ, ಗರ್ಭದಲ್ಲಿ ಮಾಸಿನ ತುಣುಕು ಉಳಿದಿದ್ದರೆ ತೆಗೆಯುತ್ತಾರೆ. ತಾವು 'ಇದು ಸೆಪ್ಸಿಸ್ ಇರಬಹುದೇ?' ಎಂದು ವಿನಯದಿಂದ ಕೇಳಬಹುದು. ಹಾಗೆ ಕೇಳುವುದು ಅವಿಧೇಯತೆಯಲ್ಲ. 2008ರಿಂದ ನಮ್ಮ ರಾಜ್ಯದಲ್ಲಿ 108ರ ವಾಹನವಿದೆ. ಊರಿನಲ್ಲಿ ಆಶಾ ಕಾರ್ಯಕರ್ತೆಯಿದ್ದಾಳೆ. ಅವಳ ಮಾತನ್ನು ಹಗುರಾಗಿ ಕಾಣಬೇಡಿರಿ. ಆದರೆ ಪ್ರತಿಯೊಂದು ನೆಗಡಿಗೂ ರೋಗಾಣುನಾಶಕ ನುಂಗಿದರೆ ರೋಗಾಣುಗಳು ಅದಕ್ಕೆ ಮಣಿಯದಂತಾಗಿ, ನಂಜೇರಿದ ದಿನ ಆ ಮದ್ದೇ ಕೈಕೊಡುತ್ತದೆಂಬುದನ್ನೂ ಅರಿಯಬೇಕು.

ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಓದಿ ವೈದ್ಯರಾಗಿ, ದಾದಿಯರಾಗಿ, ಶಿಕ್ಷಕರಾಗಿ ನಾಡಿನ ತುಂಬ ಹರಡಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹವಿದೆ. ಜಾತ್ರೆಗೆ, ಶಿವಾನುಭವ ಗೋಷ್ಠಿಗೆ ಬಂದಾಗ ಈ ಗುರುತುಗಳನ್ನು ತಾಯಂದಿರ ಮುಂದೆ ಸರಳ ಮಾತಿನಲ್ಲಿ ಹೇಳಿರಿ. ಅದೂ ಒಂದು ಜ್ಞಾನದಾಸೋಹವೇ ಸರಿ.

ನಮ್ಮ ತಾಲೂಕಿನ ಚೌಡಯ್ಯದಾನಪುರವು ತುಂಗಭದ್ರೆಯ ದಡದಲ್ಲಿ ದೋಣಿ ನಡೆಸಿದ ಶರಣ ಅಂಬಿಗರ ಚೌಡಯ್ಯನವರ ನೆನಪಿನ ಕ್ಷೇತ್ರ. ದೋಣಿಯ ತಳದಲ್ಲಿ ಹನಿ ನೀರು ಜಿನುಗಿದಾಗಲೇ ಅಂಬಿಗನು ಎಚ್ಚೆತ್ತು ದಡಕ್ಕೆ ತಿರುಗಿಸುತ್ತಾನೆ; ಮೊಣಕಾಲುಮಟ್ಟ ನೀರು ತುಂಬುವವರೆಗೆ ಅವನು ಕಾಯುವುದಿಲ್ಲ. ವಾಚಕರೇ, ನಮ್ಮ ಮನೆಯ ಬಾಣಂತಿ, ಎಳೆಗೂಸು, ಮುಪ್ಪಿನ ತಂದೆತಾಯಿಗಳು ಕುಳಿತ ದೋಣಿಗೆ ನಾವೇ ಅಂಬಿಗರು. ಹನಿ ಜಿನುಗಿದಾಗಲೇ ಎಚ್ಚರಗೊಳ್ಳೋಣ.