ಹಿಂದಕ್ಕೆ ಹರಿದ ನೀರು

ಕೊಳವೆಯೊಳಗಿನ ನೀರು ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಹರಿಯುತ್ತದೆ. ಮುಖ್ಯ ಕೊಳವೆ ಒಡೆದಾಗ ಅಥವಾ ಬೆಂಕಿ ಆರಿಸಲು ಒಮ್ಮೆಲೇ ನೀರೆಳೆದಾಗ ಬೀದಿಯ ಕೊಳವೆಯಲ್ಲಿ ಒತ್ತಡ ಕುಸಿಯುತ್ತದೆ. ಆಗ ಮನೆ, ಆಸ್ಪತ್ರೆ, ಕಾರ್ಖಾನೆಗಳ ಒಳಗಿನ ನೀರು ಊರಿನ ಕೊಳವೆಗೇ ಮರಳಬಹುದು. ಕೊಳೆನೀರಿನ ತೊಟ್ಟಿಯಲ್ಲಿ ಮುಳುಗಿದ ಒಂದು ರಬ್ಬರ್ ಪೈಪು ಅದಕ್ಕೆ ಸಾಕು. ಮೂಲದಲ್ಲೇ ನೀರನ್ನು ಸೋಸಿ ಕ್ಲೋರಿನ್ ಬೆರೆಸಿದರೆ ಕೆಲಸ ಮುಗಿಯಿತೆಂಬ ನಂಬಿಕೆ ಬಹುಕಾಲ ಇತ್ತು. ಅದನ್ನು ಅಲುಗಾಡಿಸಿದ್ದು ಅಮೆರಿಕದ ಕೆಲವು ಸಾಂಕ್ರಾಮಿಕಗಳು.

1933ರಲ್ಲಿ ಶಿಕಾಗೊದಲ್ಲಿ ವಿಶ್ವಮೇಳ ನಡೆಯಿತು. ಮೇಳಕ್ಕೆ ಬಂದವರು ಊರಿಗೆ ಮರಳಿದ ಮೇಲೆ ಅಮೀಬಾ ಆಮಶಂಕೆಯಿಂದ ಮಲಗಿದರು. ರೋಗಿಗಳು ದೇಶದ ತುಂಬ ಚದುರಿಹೋಗಿದ್ದರಿಂದ ಅವರೆಲ್ಲರ ನಡುವಿನ ನಂಟು ಕಾಣಲು ತಡವಾಯಿತು. ತನಿಖೆ ಕೊನೆಗೆ ಅಕ್ಕಪಕ್ಕದ ಎರಡು ಹೋಟೆಲುಗಳ ಹಳೆಯ ಕೊಳಾಯಿ ವ್ಯವಸ್ಥೆಗೆ ಬಂದು ನಿಂತಿತು: ಕುಡಿಯುವ ನೀರು ಮತ್ತು ಒಳಚರಂಡಿ ಅಲ್ಲಿ ಸಂಧಿಸುತ್ತಿದ್ದವು. ಸುಮಾರು 1,400 ಮಂದಿಗೆ ರೋಗ ತಗುಲಿ, 98 ಜನ ಸತ್ತರು. ಕುಡಿಯುವ ನೀರಿನ ಕೊಳವೆಯನ್ನು ಕೊಳೆನೀರಿಗೆ ಬೆಸೆಯುವ ಇಂಥ ಅಡ್ಡಜೋಡಣೆಗಳ ಮೇಲೆ ಅಧಿಕಾರಿಗಳ ಕಣ್ಣು ಬಿದ್ದದ್ದು ಇದಾದ ಮೇಲೆಯೇ ಹೆಚ್ಚು.

ಇನ್ನೂ ವಿಚಿತ್ರವಾದದ್ದು ಮ್ಯಾಸಚೂಸೆಟ್ಸ್‌ನ ವೂಸ್ಟರ್ ಪ್ರಕರಣ. 1969ರ ಆಗಸ್ಟ್ ಕೊನೆಗೆ ಹೋಲಿ ಕ್ರಾಸ್ ಕಾಲೇಜಿನ ಫುಟ್ಬಾಲ್ ತಂಡ ಅಭ್ಯಾಸದಲ್ಲಿತ್ತು. ಊರಿನಲ್ಲೆಲ್ಲೋ ಬೆಂಕಿ ಬಿದ್ದು, ಅಗ್ನಿಶಾಮಕದವರು ನೀರೆಳೆದರು. ಮೈದಾನದ ಕೊಳಾಯಿಯಲ್ಲಿ ಒತ್ತಡ ತಗ್ಗಿತು. ಹುಲ್ಲಿಗೆ ನೀರುಣಿಸುವ ಕೊಳವೆಯ ಬಾಯಿಗಳು ನೆಲದೊಳಗಿನ ಗುಂಡಿಗಳಲ್ಲಿದ್ದವು. ಕಾಮಾಲೆ ತಗುಲಿದ್ದ ಪಕ್ಕದ ಮನೆಯ ಮಕ್ಕಳು ಅಲ್ಲೇ ಆಡುತ್ತಿದ್ದರು. ಗುಂಡಿಯ ಕೊಳೆನೀರು ಕೊಳವೆಯೊಳಗೆ ಸೆಳೆಯಲ್ಪಟ್ಟು, ಆಟಗಾರರು ಕುಡಿಯುವ ನಲ್ಲಿಗೆ ಬಂತು. ಲಕ್ಷಣ ಕಾಣಿಸಿಕೊಳ್ಳಲು ಸುಮಾರು ನಾಲ್ಕು ವಾರ ಬೇಕಾದ್ದರಿಂದ ತಂಡ ಎರಡು ಪಂದ್ಯ ಆಡಿಯೇಬಿಟ್ಟಿತ್ತು. ಆಟಗಾರರು, ತರಬೇತುದಾರರು ಸೇರಿ 97 ಮಂದಿಯಲ್ಲಿ 90 ಮಂದಿಗೆ ಸೋಂಕು ತಗುಲಿತ್ತು. ಆ ವರ್ಷದ ಉಳಿದ ಪಂದ್ಯಗಳು ರದ್ದಾದವು. ಒಂದು ಊರಿನ ಬೆಂಕಿ ಒಂದು ತಂಡದ ಯಕೃತ್ತನ್ನು ಮುಟ್ಟಿದ್ದು ಹೀಗೆ.

ತಡೆಯುವ ಉಪಾಯಗಳಲ್ಲಿ ಅತಿ ಸರಳವಾದದ್ದೇ ಅತಿ ನಂಬಿಕೆಯದು: ನಲ್ಲಿಯ ಬಾಯಿ ಮತ್ತು ತೊಟ್ಟಿಯ ಅಂಚಿನ ನಡುವೆ ಗಾಳಿಯ ಅಂತರ. ರೂಢಿಯ ನಿಯಮದಂತೆ ಅದು ನಲ್ಲಿಯ ವ್ಯಾಸದ ಎರಡರಷ್ಟಾದರೂ, ಒಂದು ಅಂಗುಲಕ್ಕೆ ಕಡಿಮೆಯಿಲ್ಲದಂತೆ ಇರಬೇಕು. ಅಂತರ ಬಿಡಲಾಗದಲ್ಲಿ ಒಂದೇ ದಿಕ್ಕಿಗೆ ತೆರೆಯುವ ವಾಲ್ವುಗಳು ಬಂದವು. ಅಪಾಯ ಹೆಚ್ಚಿರುವ ಕಡೆಗೆ ಎರಡು ವಾಲ್ವುಗಳ ನಡುವೆ ನೀರನ್ನು ಹೊರಗೆ ಸುರಿದುಬಿಡುವ ಮೂರನೆಯದೂ ಸೇರಿತು. ವಾಲ್ವು ಸವೆಯುತ್ತದೆ, ಕಸ ಸಿಕ್ಕಿ ಅರೆಬಾಯಿ ಬಿಡುತ್ತದೆ. ಹಾಗಾಗಿ ನಿಗದಿತ ಕಾಲಕ್ಕೆ ಪರೀಕ್ಷೆ ಕಡ್ಡಾಯವಾಯಿತು. ಈ ಉಪಕರಣಗಳ ಪರೀಕ್ಷೆಗೆಂದೇ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1944ರಲ್ಲಿ ಒಂದು ಪ್ರತಿಷ್ಠಾನ ಹುಟ್ಟಿತು.

ದಿನ ಬಿಟ್ಟು ದಿನ ನೀರು ಬಿಡುವ ಊರುಗಳಲ್ಲಿ ವಾಲ್ವು ಅರ್ಧ ಉತ್ತರವಷ್ಟೇ. ಅಲ್ಲಿ ಕೊಳವೆ ಪ್ರತಿಸಲವೂ ಖಾಲಿಯಾಗುತ್ತದೆ, ಬಿರುಕಿನ ಮೂಲಕ ಚರಂಡಿಯ ತೇವ ಒಳಗೆ ಬರುತ್ತದೆ, ಮನೆಗಳ ಮೋಟರು ಆ ಎಳೆತವನ್ನು ಹೆಚ್ಚಿಸುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ನಿರಂತರ ಪೂರೈಕೆಯ ಬಡಾವಣೆಗಳನ್ನೂ ಬಿಟ್ಟುಬಿಟ್ಟು ನೀರು ಬರುವ ಬಡಾವಣೆಗಳನ್ನೂ ಹೋಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಲಮೂಲದ ಇ. ಕೋಲಿ ಬ್ಯಾಕ್ಟೀರಿಯಾ ಮೊದಲಿನವುಗಳ ನಲ್ಲಿಯ ಮಾದರಿಗಳಲ್ಲಿ ಶೇ 1ಕ್ಕಿಂತ ಕಡಿಮೆ, ಎರಡನೆಯವುಗಳಲ್ಲಿ ಸುಮಾರು ಮೂರನೇ ಒಂದು ಪಾಲು ಕಂಡುಬಂತು. ನೀರು ಬಿಟ್ಟ ಮೊದಲ ಕೆಲ ಹೊತ್ತು ಮತ್ತು ಒತ್ತಡ ತಗ್ಗಿದ ವೇಳೆ ಕೊಳೆ ಹೆಚ್ಚಿರುತ್ತದೆಂದು ಅದೇ ಸಂಶೋಧಕರ ಮುಂದಿನ ಕೆಲಸ ತೋರಿಸಿತು.